ಹಳೇ ಫಿಯೆಟ್ ಟ್ರ್ಯಾಕ್ ಡೇಗೆ ಒಯ್ಯೋದಾದ್ರೆ ಮೊದಲ ದುಡ್ಡು ಎಲ್ಲಿಗೆ? ಎಂಜಿನ್ನಿಗೋ, ಬ್ರೇಕಿಗೋ?

ಕಡೂರುರಸ್ತೆ73 (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಗಾಡಿ 1973ರ ಪ್ರೀಮಿಯರ್ ಪ್ರೆಸಿಡೆಂಟ್, ಎಲ್ಲರೂ ಫಿಯೆಟ್ ಅನ್ನೋದು ಇದನ್ನೇ. 1089 ಸಿಸಿ, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಸೋಲೆಕ್ಸ್ ಕಾರ್ಬುರೇಟರ್. ಹೊಗೆ ಇಲ್ಲ, ಆಯಿಲ್ ತಿನ್ನಲ್ಲ. ಬೇಲೂರು ರೋಡಲ್ಲಿ 70–80ಕ್ಕೆ ಆರಾಮಾಗಿ ಹೋಗುತ್ತೆ. ಟೆಂಪರೇಚರ್ ಮುಳ್ಳು ಅರ್ಧ ದಾಟಿದ್ದೇ ಇಲ್ಲ.

ಡಿಸೆಂಬರ್ ಅಥವಾ ಜನವರಿಯಲ್ಲಿ ಹವ್ಯಾಸಿಗಳ ಟ್ರ್ಯಾಕ್ ಡೇ (ಸ್ವಂತ ಗಾಡೀನ ರೇಸ್ ಟ್ರ್ಯಾಕಲ್ಲಿ ಓಡಿಸೋ ದಿನ) ಒಂದಕ್ಕೆ ಒಯ್ಯಬೇಕು ಅಂತಿದೆ. ರೇಸ್ ಅಲ್ಲ, ಟೈಮಿಂಗೂ ಬೇಡ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಒಳ್ಳೇದೋ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಒಳ್ಳೇದೋ? ಕೈಲಿರೋ ದುಡ್ಡು ಒಂದೇ ಕೆಲಸಕ್ಕೆ ಸಾಲೋದು. ಹೆಡ್ ಇಳಿಸಿ ಎಂಜಿನ್ ಚುರುಕು ಮಾಡಿಸಲಾ, ಬ್ರೇಕ್ ಮಾಡಿಸಲಾ? ನಮ್ಮೂರ ಎತ್ತರದಿಂದ ಕೆಳಗಿಳಿದಾಗ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹರಿಯೋ ಸಣ್ಣ ರಂಧ್ರದ ಬಿಡಿಭಾಗ) ಬದಲಿಸಬೇಕು ಅಂತಾರೆ, ಅದು ನಿಜವಾ? ಗಾಡಿಗೆ 50 ವರ್ಷ ದಾಟಿದೆ, ವಿಂಟೇಜ್ ನಂಬರ್ ಮಾಡಿಸಿಬಿಟ್ಟರೆ ಟ್ರ್ಯಾಕಿಗೆ ತೊಂದರೆ ಆಗುತ್ತಾ?

ಡ್ರಮ್ಮುಶೂ

ಬ್ರೇಕ್. ಎರಡನೇ ಮಾತೇ ಇಲ್ಲ.

ನಿಮ್ಮ ಎಂಜಿನ್ ಕೊಡೋದು ಸುಮಾರು 40 ಕುದುರೆ. ಹೆಡ್ ಕೆಲಸ ಮಾಡಿಸಿದರೆ ಇನ್ನು ನಾಲ್ಕೈದು ಬರಬಹುದು, ಟ್ರ್ಯಾಕಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಬ್ರೇಕ್ ಹಾಗಲ್ಲ. ರೋಡಲ್ಲಿ 80ರಿಂದ ನಿಲ್ಲಿಸುತ್ತೀರಿ, ಟ್ರ್ಯಾಕಲ್ಲಿ 100ರಿಂದ ಇಳಿಸಬೇಕು. ವೇಗ ಕಾಲು ಭಾಗ ಹೆಚ್ಚಾದರೆ ಡ್ರಮ್ ನುಂಗಬೇಕಾದ ಶಾಖ ಒಂದೂವರೆ ಪಟ್ಟು. ಅದೂ ಪ್ರತಿ ಲ್ಯಾಪಲ್ಲಿ ಹಲವು ಸಲ, ಮಧ್ಯೆ ಆರೋದಕ್ಕೆ ಹೊತ್ತೇ ಸಿಗಲ್ಲ.

ಮೊದಲು ಡ್ರಮ್ ನಾಲ್ಕನ್ನೂ ಬಿಚ್ಚಿ ಲೇತಿಗೆ ಹಾಕಿಸಿ ಓವಲ್ ಆಗಿದೆಯಾ ನೋಡಿಸಿ. ವ್ಯಾಸದಲ್ಲಿ ಒಟ್ಟು 1 ಮಿ.ಮೀ.ಗಿಂತ ಹೆಚ್ಚು ಕೆರೆಯಬೇಕಾಗಿ ಬಂದರೆ ಆ ಡ್ರಮ್ ಬಿಡಿ, ಬೇರೆ ಹುಡುಕಿ. ತೆಳು ಡ್ರಮ್ ಬೇಗ ಕಾಯುತ್ತೆ, ಬೇಗ ಹಿಗ್ಗುತ್ತೆ. ಇಲ್ಲಿ ಎಲ್ಲರೂ ಮರೆಯೋ ವಿಷಯ ಒಂದಿದೆ. ಡ್ರಮ್ ಕೆರೆದ ಮೇಲೆ ಅದರ ಬಾಗು ದೊಡ್ಡದಾಗಿರುತ್ತೆ, ಹೊಸ ಲೈನರ್ (ಡ್ರಮ್ಮನ್ನ ಒಳಗಿಂದ ಒತ್ತೋ ಶೂ ಮೇಲಿನ ಉಜ್ಜುವ ಪಟ್ಟಿ) ಬಾಗು ಹಳೇ ಅಳತೆಯದ್ದೇ ಇರುತ್ತೆ. ಆಗ ಶೂ ನಡುವೆ ಮಾತ್ರ ತಾಗುತ್ತೆ, ಎರಡೂ ತುದಿ ಗಾಳಿಯಲ್ಲಿ. ಡ್ರಮ್ ಒಳಗೆ ಸೀಮೆಸುಣ್ಣ ಸವರಿ, ಶೂ ಕೈಯಲ್ಲಿ ಒತ್ತಿ ಎರಡು ಇಂಚು ಆಚೀಚೆ ಜರುಗಿಸಿ ತೆಗೆಯಿರಿ. ಬಿಳಿ ಎಲ್ಲಿ ಹತ್ತಿದೆಯೋ ಅಲ್ಲಷ್ಟೇ ನಿಮ್ಮ ಬ್ರೇಕ್ ಇದೆ. ಉದ್ದದ ಮುಕ್ಕಾಲು ಭಾಗಕ್ಕಾದರೂ ಬಿಳಿ ಹತ್ತೋ ತನಕ ಶೂ ಗ್ರೈಂಡ್ ಮಾಡಿಸಬೇಕು.

ವೀಲ್ ಸಿಲಿಂಡರ್ ರಬ್ಬರುಗಳು, ಮಾಸ್ಟರ್ ಸಿಲಿಂಡರ್ ಕಿಟ್, ಬಗ್ಗೋ ರಬ್ಬರ್ ಹೋಸುಗಳು ಎಲ್ಲ ಹೊಸದು ಹಾಕಿ. ಹೋಸ್ ಹೊರಗೆ ಚೆನ್ನಾಗೇ ಕಾಣುತ್ತೆ, ಒಳಗೆ ಊದಿಕೊಂಡಿರುತ್ತೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಆ ಚಕ್ರ ಹಿಡಿದುಕೊಂಡೇ ಓಡುತ್ತೆ. ಮಾಸ್ಟರ್ ಒಂದೇ ಸರ್ಕ್ಯೂಟಿನದಾದ್ರೆ ಎಲ್ಲೇ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಹೋದ ಹಾಗೆ. ಇಲ್ಲಿ ಉಳಿತಾಯ ಬೇಡ ಮಾರಾಯ್ರೆ.

ಬ್ರೇಕ್ ಆಯಿಲ್ ಹೊಸ ಡಬ್ಬಿಯ ಡಾಟ್ 4. ಹೊಸದರಲ್ಲಿ ಅದರ ಕುದಿಯುವ ಮಟ್ಟ ಕನಿಷ್ಠ 230 ಡಿಗ್ರಿ, ನೀರು ಹೀರಿಕೊಂಡ ಮೇಲೆ 155. ಡಾಟ್ 3 ಆದರೆ 205 ಮತ್ತು 140. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೇಗೆ ಇರುತ್ತೆ ಗೊತ್ತಲ್ಲ, ಮಳೆಗಾಲದ ಮುಂಚೆ ತುಂಬಿದ ಆಯಿಲ್ ಟ್ರ್ಯಾಕಿಗೆ ಒಯ್ಯಬೇಡಿ. ಒಡೆದಿಟ್ಟ ಅರ್ಧ ಡಬ್ಬಿಯೂ ಬೇಡ.

ಟ್ರ್ಯಾಕಲ್ಲಿ ಏನಾಗ್ತಿದೆ ಅಂತ ಪೆಡಲ್ಲೇ ಹೇಳುತ್ತೆ. ಪೆಡಲ್ ಗಟ್ಟಿ ಇದೆ ಆದರೆ ಗಾಡಿ ನಿಲ್ಲುತ್ತಿಲ್ಲ ಅಂದರೆ ಲೈನರ್ ಕಾದು ಜಾರುತ್ತಿದೆ. ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿದೆ ಅಂದರೆ ಡ್ರಮ್ ಹಿಗ್ಗಿ ಶೂವಿಂದ ದೂರ ಹೋಗಿದೆ. ಸ್ಪಂಜಿನ ಹಾಗೆ ಮೆತ್ತಗಾದರೆ ಆಯಿಲ್ ಕುದ್ದಿದೆ, ತಕ್ಷಣ ಪಿಟ್‌ಗೆ (ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸೋ ಜಾಗ) ಬನ್ನಿ. ಮೊದಲ ಎರಡಕ್ಕೆ ಒಂದು ನಿಧಾನದ ಲ್ಯಾಪ್ ಸಾಕು. ಮೂರನೆಯದಕ್ಕೆ ಆರಿಸಿ, ಬ್ಲೀಡ್ ಮಾಡದೆ (ಪೈಪಿನೊಳಗಿನ ಗಾಳಿ ತೆಗೆಯದೆ) ಮತ್ತೆ ಇಳಿಯಬೇಡಿ.

ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಪೆಡಲ್ ಮೇಲೆ ಕಾಲಿಟ್ಟು ಕೂರಲೂಬೇಡಿ. ಕಾದ ಡ್ರಮ್ ಮೇಲೆ ಶೂ ಒತ್ತಿಕೊಂಡೇ ಆರಿದರೆ ಡ್ರಮ್ ಆಕಾರ ಕೆಡುತ್ತೆ. ಗೇರಿಗೆ ಹಾಕಿ, ಚಕ್ರಕ್ಕೊಂದು ಮರದ ತುಂಡು ಕೊಡಿ.

ಸೋಲೆಕ್ಸ್ ಹಾಸನ

ಬ್ರೇಕ್ ವಿಷಯ ಮೇಲೆ ಬಂತು. ಜೆಟ್ ಬಗ್ಗೆ ಹೇಳ್ತೀನಿ, ಚಿಕ್ಕಮಗಳೂರಿನವರಿಗೆ ಇದು ಬೇರೆಯವರಿಗಿಂತ ಸ್ವಲ್ಪ ವಿಚಿತ್ರ.

ಊರು ಸಮುದ್ರಮಟ್ಟಕ್ಕಿಂತ ಒಂದು ಸಾವಿರ ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ ಶೇ. 10 ಕಡಿಮೆ. ಕಾರ್ಬುರೇಟರಿಗೆ ಅದು ತಿಳಿಯಲ್ಲ, ಹಾಗಾಗಿ ಮಿಕ್ಸ್ಚರ್ ಸುಮಾರು ಶೇ. 5 ರಿಚ್ ಆಗುತ್ತೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ಈಗ ಬಂಕಲ್ಲಿ ಸಿಗೋ ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ನೋಡಿ. ಎಥನಾಲ್ ಒಳಗೇ ಆಮ್ಲಜನಕ ಇರೋದರಿಂದ ಅದು ಶೇ. 7ರಷ್ಟು ಲೀನ್ ಮಾಡುತ್ತೆ, ಅಂದರೆ ಪೆಟ್ರೋಲ್ ಸಾಲದ ಹಾಗೆ. ಎತ್ತರ ಕೊಟ್ಟಿದ್ದನ್ನ ಎಥನಾಲ್ ತಿಂದುಹಾಕಿದೆ, ಊರಲ್ಲಿ ಗಾಡಿ ಸರಿಯಾಗೇ ಓಡುತ್ತೆ. ಇರುಂಗಾಟ್ಟುಕೋಟ್ಟೈಗೆ ಇಳಿದಿರಿ ಅಂದರೆ ಎತ್ತರದ ಲಾಭ ಹೋಯ್ತು, ಇ20 ಮಾತ್ರ ಉಳೀತು. ಅಲ್ಲೇ ಫುಲ್ ಥ್ರಾಟಲ್ ಬೇರೆ. ಲೀನ್ ಆಗಿ ಓಡಿ ಎಗ್ಸಾಸ್ಟ್ ವಾಲ್ವ್ ಸುಡೋದು ಹೀಗೆ.

ಮೇನ್ ಜೆಟ್ ಮೇಲಿನ ನಂಬರ್ ಅಂದರೆ ರಂಧ್ರದ ವ್ಯಾಸ, ಮಿ.ಮೀ.ನ ನೂರನೇ ಭಾಗದಲ್ಲಿ. 120 ಅಂದರೆ 1.20 ಮಿ.ಮೀ. ಪೆಟ್ರೋಲ್ ಹರಿಯೋದು ರಂಧ್ರದ ವಿಸ್ತೀರ್ಣಕ್ಕೆ ಅಂದರೆ ವ್ಯಾಸದ ವರ್ಗಕ್ಕೆ ತಕ್ಕಂತೆ. ಶೇ. 7 ಹೆಚ್ಚು ಬೇಕಾದರೆ ವ್ಯಾಸ ಶೇ. 3.5 ದೊಡ್ಡದಾದರೆ ಸಾಕು. ನಿಮ್ಮದು 120 ಆಗಿದ್ದರೆ ಚೆನ್ನೈಗೆ 125 ಹಾಕಿ ಶುರು ಮಾಡಿ, 127.5 ಒಂದು ಜೇಬಲ್ಲಿರಲಿ. ಕೊಯಮತ್ತೂರು 400 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ 122.5 ಅಥವಾ 125. ವಾಪಸ್ ಬಂದ ಮೇಲೆ ಮರೆಯದೆ ಹಳೇದು ಹಾಕಿ, ಇಲ್ಲದಿದ್ದರೆ ಪ್ಲಗ್ ಕಪ್ಪಾಗುತ್ತೆ. ಜೆಟ್ಟಿಗೆ ತಂತಿ ತೂರಿಸಿ ದೊಡ್ಡದು ಮಾಡೋ ಮಹಾನುಭಾವರು ಇದ್ದಾರೆ, ಅವರ ಕೈಗೆ ಕಾರ್ಬುರೇಟರ್ ಕೊಡಬೇಡಿ.

ನೋಡೋದು ಹೇಗೆ: ಬಿಸಿಯಾದ ಎಂಜಿನ್ನಿಗೆ ಹೊಸ ಪ್ಲಗ್ ಹಾಕಿ ಒಂದು ಲ್ಯಾಪ್ ಒತ್ತಿ ಓಡಿಸಿ. ಪಿಟ್ ದಾರಿಗೆ ತಿರುಗೋ ಮುಂಚಿನ ನೇರದಲ್ಲಿ ಥ್ರಾಟಲ್ ಪೂರ್ತಿ ಇರುವಾಗಲೇ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ, ತೇಲಿಕೊಂಡು ಒಳಗೆ ಬನ್ನಿ. ಕೀ ಹೊರಗೆ ತೆಗೆಯಬೇಡಿ. ಹಿಂದೆ ಯಾರೂ ಇಲ್ಲದಾಗ, ಮಾರ್ಷಲ್‌ಗೆ (ಟ್ರ್ಯಾಕ್ ಸುರಕ್ಷತೆ ನೋಡಿಕೊಳ್ಳೋರು) ಮೊದಲೇ ಹೇಳಿಯೇ ಮಾಡಬೇಕು. ಪ್ಲಗ್ ಬಿಚ್ಚಿದರೆ ಪಿಂಗಾಣಿ ತಿಳಿ ಕಂದು ಇರಬೇಕು. ಸುಣ್ಣದ ಬಿಳುಪು, ಮೇಲೆ ಸಣ್ಣ ಚುಕ್ಕೆ ಕಂಡರೆ ಲೀನ್, ಅವತ್ತಿಗೆ ಒತ್ತೋದು ನಿಲ್ಲಿಸಿ.

ಇ20 ಬಂದ ಮೇಲೆ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಹಳೇ ರಬ್ಬರಿನದಾಗಿದ್ದರೆ ಮೆತ್ತಗಾಗಿ ಪುಡಿ ಬಿಡುತ್ತೆ, ಆ ಪುಡಿ ನೇರ ಜೆಟ್ಟಿಗೆ ಹೋಗಿ ಕೂರುತ್ತೆ. ಇನ್ನೊಂದು: ಸೀಸ ಇಲ್ಲದ ಪೆಟ್ರೋಲ್ ದೇಶದಲ್ಲೆಲ್ಲ 2000ನೇ ಇಸವಿಯಲ್ಲೇ ಬಂತು. ಅದಕ್ಕೆ ಮುಂಚಿನ ಎಗ್ಸಾಸ್ಟ್ ಸೀಟುಗಳು (ವಾಲ್ವ್ ಕೂರೋ ಉಂಗುರಗಳು) ಹಾಗೇ ಇದ್ದರೆ ಹೆಚ್ಚು ಆರ್‌ಪಿಎಂನಲ್ಲಿ ಸವೆದು ಒಳಗೆ ಹೋಗುತ್ತವೆ, ಟ್ಯಾಪೆಟ್ ಗ್ಯಾಪ್ ಕಡಿಮೆಯಾಗ್ತಾ ಬರುತ್ತೆ. ಟ್ರ್ಯಾಕ್ ಡೇ ಮುಂಚೆ, ಆಮೇಲೆ ಎರಡು ಸಲ ಗ್ಯಾಪ್ ಅಳೆದು ಬರೆದಿಡಿ. ಕಡಿಮೆಯಾಗಿದ್ದರೆ ಆಗ ಹೆಡ್ ಇಳಿಸೋದಕ್ಕೆ ಕಾರಣ ಸಿಕ್ಕಿತು.

ಆಮೇಲೆ ಆ ಟೆಂಪರೇಚರ್ ಮುಳ್ಳು. ನಂಬಬೇಡಿ. ನಮ್ಮ ತಂಪಿನಲ್ಲಿ ಅರ್ಧ ಕಟ್ಟಿದ ರೇಡಿಯೇಟರ್ ಕೂಡ ಸಾಕಾಗುತ್ತೆ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಕೋರ್ ಮೇಲೆ ಕೈ ಆಡಿಸಿ, ಮಧ್ಯೆ ಎಲ್ಲಾದರೂ ತಣ್ಣಗಿದ್ದರೆ ಆ ಟ್ಯೂಬುಗಳು ಮುಚ್ಚಿವೆ, ರಾಡಿಂಗ್ (ಸರಳು ತೂರಿಸಿ ಶುಚಿ) ಮಾಡಿಸಿ. ಹೆಡ್ ಅಲ್ಯೂಮಿನಿಯಂ, ಒಂದು ಸಲ ಸರಿಯಾಗಿ ಕುದ್ದರೆ ಬಾಗಿಹೋಗುತ್ತೆ.

ಕಡೂರುರಸ್ತೆ73

ಜೆಟ್ ಮೇಲೆ 120 ಅಂತಲೇ ಇದೆ. ರೇಡಿಯೇಟರ್ ನೋಡಿಸ್ತೀನಿ. ಒಂದು ಅನುಮಾನ: ಡ್ರಮ್ಮಿಗೆ ಇಷ್ಟು ಖರ್ಚು ಮಾಡೋ ಬದಲು ಮುಂದೆ ಡಿಸ್ಕ್ ಹಾಕಿಸಿಬಿಟ್ಟರೆ?

ಆರ್‌ಸಿಪುಸ್ತಕ

ಡಿಸ್ಕ್ ಹಾಕಿಸೋದಾದರೆ ವಿಂಟೇಜ್ ನಂಬರಿನ ಆಸೆ ಬಿಡಬೇಕಾಗಬಹುದು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಜೊತೆಗೆ ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲೇ ಇರಬೇಕು. ಬ್ರೇಕ್ ಆ ಮೂರರಲ್ಲಿ ಬರಲ್ಲ ಅಂತ ವಾದ ಮಾಡಬಹುದು, ಆದರೆ ತಪಾಸಣೆ ಮಾಡೋರ ಮುಂದೆ ವಾದ ಮಾಡೋ ಉಮೇದು ನಿಮಗಿರಬೇಕು. ಹೊಸ ನೋಂದಣಿಗೆ ಶುಲ್ಕ 20,000, ಹತ್ತು ವರ್ಷಕ್ಕೆ, ನವೀಕರಣಕ್ಕೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತೆ.

ಅದಕ್ಕಿಂತ ಮುಖ್ಯ: ವಿಎ ಗಾಡಿಯನ್ನ ದಿನಬಳಕೆಗೆ ರೋಡಿಗೆ ತರುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಮತ್ತು ರಿಪೇರಿ, ಇಷ್ಟಕ್ಕೇ. ಟ್ರ್ಯಾಕ್ ಡೇ ಅಂತ ಆ ಪಟ್ಟಿಯಲ್ಲಿ ಹೆಸರಿಲ್ಲ. ಟ್ರ್ಯಾಕಿಗೆ ಓಡಿಸಿಕೊಂಡೇ ಹೋಗೋದು ನಿಮ್ಮ ಆಸೆಯಾಗಿದ್ದರೆ ಈಗಿರೋ ಮಾಮೂಲಿ ನೋಂದಣಿ, ಎಫ್‌ಸಿ ಚಾಲ್ತಿಯಲ್ಲಿಟ್ಟುಕೊಳ್ಳೋದೇ ಜಾಣತನ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಳಕೆಯ ಮಿತಿ ಅನ್ನೋ ಸಾಲು ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ ಅಂತ ಇರುತ್ತೆ. ಟ್ರ್ಯಾಕಿನ ಗೇಟ್ ದಾಟಿದ ಮೇಲೆ ಆಗೋ ಡೆಂಟು ನಿಮ್ಮ ಜೇಬಿಂದ್ಲೇ ಅಂದುಕೊಂಡು ಹೋಗಿ.

ಎರಡನೇಗೇರ್

ಡಿಸ್ಕ್ ಬೇಡ, ಕಾನೂನಿಗಾಗಿ ಅಲ್ಲ. ಡ್ರಮ್ಮಿನ ಗಾಡಿ ಟ್ರ್ಯಾಕಲ್ಲಿ ಖುಷಿ ಕೊಡೋದೇ ಬ್ರೇಕ್ ಕಡಿಮೆ ಹಿಡಿದು ಓಡಿಸಬೇಕಾಗೋದರಿಂದ.

ಮೊದಲ ಸಲಕ್ಕೆ ಕರಿ ಸಾಕು. 2.1 ಕಿ.ಮೀ., ಚಿಕ್ಕ ನೇರಗಳು, ತಿರುವಿಗೆ ತಿರುವು. ಇರುಂಗಾಟ್ಟುಕೋಟ್ಟೈ 3.717 ಕಿ.ಮೀ., ಅಲ್ಲಿನ ನೇರದಲ್ಲಿ ಈಗಿನ ಗಾಡಿಗಳು ನಿಮ್ಮ ಎರಡರಷ್ಟು ವೇಗದಲ್ಲಿ ಪಕ್ಕದಲ್ಲೇ ಹೋಗುತ್ತವೆ, ನಿಮ್ಮ ಅರ್ಧ ಗಮನ ಕನ್ನಡೀಲೇ ಇರುತ್ತೆ. ಕರಿಗೆ ಹೋಗೋ ದಾರಿಯಲ್ಲಿ ಮಾತ್ರ ಎಚ್ಚರ. ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿಯಬೇಕು, ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಎರಡನೇ ಗೇರಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಹೊಸ ಲೈನರ್ ಆ ಘಾಟಿಯಲ್ಲಿ ಪಳಗಲಿ ಅಂತ ಬಿಟ್ಟರೆ ಮೇಲ್ಮೈ ಸುಟ್ಟು ಗಾಜಿನ ಹಾಗೆ ನುಣುಪಾಗುತ್ತೆ. ಅದರ ಮುಂಚೆಯೇ ಬೆಳಗಿನ ಜಾವ ಖಾಲಿ ರೋಡಲ್ಲಿ 50ರಿಂದ 20ಕ್ಕೆ ಹತ್ತು ಸಲ, ನಡುವೆ ಒಂದೊಂದು ಕಿ.ಮೀ. ಆರಲು ಬಿಟ್ಟು, ಪಳಗಿಸಿ.

ಓಡಿಸೋದು ಹೀಗೆ. ಒಂದು ಲ್ಯಾಪ್ ಬಿಸಿ ಮಾಡೋಕೆ, ಮೂರು ಲ್ಯಾಪ್ ಒತ್ತಿ, ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ಆರಿಸೋಕೆ, ಒಳಗೆ ಬನ್ನಿ. ಬ್ರೇಕನ್ನ ಬೇಗ, ನೇರದಲ್ಲೇ, ಒಂದೇ ಸಲ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ. ಸವರಿಕೊಂಡೇ ತಿರುವಿಗೆ ಹೋದರೆ ಡ್ರಮ್ ಕಾಯೋದು ಬಿಟ್ಟು ಬೇರೇನೂ ಆಗಲ್ಲ. ಸ್ಟಿಯರಿಂಗ್ ಗೇರಿಗೆ ಅವಸರ ಆಗಲ್ಲ, ಲಿಂಕೇಜ್ ಬುಷ್ ಸವೆದಿದ್ದರಂತೂ ಮೂರರಿಂದ ಎರಡಕ್ಕೆ ಬರುವಾಗ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ ಗೇರ್ ಬದಲಿಸಿ ಮುಗಿಸಿ, ಆಮೇಲೆ ತಿರುಗಿಸಿ. ಒಂದನೇ ಗೇರಿಗೆ ಸಿಂಕ್ರೋ (ಓಡುವಾಗ ಗೇರ್ ಸಲೀಸಾಗಿ ಕೂರಿಸೋ ಭಾಗ) ಇಲ್ಲ, ಟ್ರ್ಯಾಕಲ್ಲಿ ಅದನ್ನ ಮರೆತುಬಿಡಿ.

ತಿರುವಿನೊಳಗೆ ಗಾಡಿ ದೋಣಿಯ ಹಾಗೆ ವಾಲುತ್ತೆ, ಟೈರ್ ಕೂಗುತ್ತೆ, ಇಷ್ಟಾದರೂ ಸ್ಪೀಡೋ ನೋಡಿದರೆ ಅರವತ್ತು! ಆ ಅರವತ್ತನ್ನ ಕಳೆದುಕೊಳ್ಳದೆ ಹೊರಗೆ ತರೋದೇ ಆಟ. 40 ಕುದುರೆಯಲ್ಲಿ ಕಳೆದ 10 ಕಿ.ಮೀ. ವೇಗ ವಾಪಸ್ ಬರೋದಕ್ಕೆ ಮುಂದಿನ ನೇರ ಪೂರ್ತಿ ಬೇಕು. ಇನ್ನೂರು ಕುದುರೆಯ ಗಾಡೀಲಿ ತಪ್ಪು ಲೈನ್ ಹಿಡಿದರೂ ಕಾಲು ಒತ್ತಿದರೆ ಮುಚ್ಚಿಹೋಗುತ್ತೆ, ಇದರಲ್ಲಿ ಮುಚ್ಚೋಕೇ ಆಗಲ್ಲ.

ಮುಂದಿನ ಸೀಟು ಬೆಂಚು ಅನ್ನೋದು ಮರೆಯಬೇಡಿ. ರೆಕ್ಸಿನ್ ಹೊದಿಕೆ ಇದ್ದರೆ ಎಡ ತಿರುವಿಗೆ ಬಾಗಿಲಿಗೆ ಒತ್ತುತ್ತೀರಿ, ಬಲ ತಿರುವಿಗೆ ಪಕ್ಕದ ಸೀಟಿಗೆ ಜಾರುತ್ತೀರಿ, ಸ್ಟಿಯರಿಂಗೇ ಹಿಡಿಕೆಯಾಗಿಬಿಡುತ್ತೆ. ಮೂರು ಕಡೆ ಕಟ್ಟೋ ಬೆಲ್ಟ್ ಹಾಕಿಸಿ, ಬೋಲ್ಟಿನ ಹಿಂದೆ 3 ಮಿ.ಮೀ. ಉಕ್ಕಿನ ತಗಡು ಕೊಡಿಸಿ. ಬರೀ ವಾಷರ್ ಕೊಟ್ಟರೆ ಹಳೇ ತಗಡು ಹರಿದು ಬರುತ್ತೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದು, ಗುಂಡಿ (ಟ್ರೆಡ್) ಎಷ್ಟೇ ಉಳಿದಿರಲಿ, ಬೇಡ. ಕೈಪಿಡಿಯ ಒತ್ತಡಕ್ಕಿಂತ ಮುಂದೆ 4 ಪಿಎಸ್‌ಐ ಹೆಚ್ಚು ಹಾಕಿ ಶುರು ಮಾಡಿ, ಟೈರಿನ ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮೂರು ಲ್ಯಾಪ್ ಆದ ಮೇಲೆ ಗೆರೆ ಅಕ್ಷರಗಳ ತನಕ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಇನ್ನೆರಡು ಪಿಎಸ್‌ಐ ಹಾಕಿ. ಭುಜದ ಅಂಚಿಗೇ ನಿಂತಿದ್ದರೆ ಸರಿ.

ಡ್ರಮ್ಮುಶೂ

ಒಯ್ಯೋ ಡಬ್ಬಿಗೆ ಸೇರಿಸಿಕೊಳ್ಳಿ: ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಕಂಡೆನ್ಸರ್ ಎರಡು (ಹೊಸದೂ ಕೈಕೊಡುತ್ತೆ), ಒಂದು ವೀಲ್ ಸಿಲಿಂಡರ್, ಅರ್ಧ ಲೀಟರ್ ಡಾಟ್ 4, 2 ಲೀಟರ್ 20ಡಬ್ಲ್ಯು-50. ಆಯಿಲ್ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ತನಕ ಇರಲಿ, ಉದ್ದ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಸರಿದು ಪಂಪ್ ಗಾಳಿ ಎಳೆಯುತ್ತೆ. ತಿರುವಿನ ಮಧ್ಯೆ ಆಯಿಲ್ ಲೈಟ್ ಮಿಣುಕಿದರೆ ಕಾಲು ಎತ್ತಿ. ಆಕ್ಸಿಲರೇಟರಿಗೆ ಎರಡನೇ ಸ್ಪ್ರಿಂಗ್ ಒಂದು ಹಾಕಿ. ಬ್ಯಾಟರಿ ಕ್ಲ್ಯಾಂಪ್ ಕೈಯಲ್ಲಿ ಅಲ್ಲಾಡಿಸಿ ನೋಡಿ, ಸ್ಕ್ರೂಟಿನಿಯಲ್ಲಿ (ಟ್ರ್ಯಾಕಿಗೆ ಬಿಡೋ ಮುಂಚಿನ ತಪಾಸಣೆ) ಮೊದಲು ಹಿಡಿಯೋದೇ ಅದನ್ನ. ಮೊದಲ ಐದು ಲ್ಯಾಪ್ ಆದ ಮೇಲೆ ವೀಲ್ ಬೋಲ್ಟ್ ಇನ್ನೊಂದು ಸಲ ಟಾರ್ಕ್ ಮಾಡಿ, ಆದರೆ ಡ್ರಮ್ ಆರಿದ ಮೇಲೆ.

ಕಡೂರುರಸ್ತೆ73

ಡ್ರಮ್ ಬಿಚ್ಚಿ ಸೀಮೆಸುಣ್ಣ ಹಾಕಿ ನೋಡಿದೆ. ಮುಂದಿನ ಎಡಗಡೆ ಶೂ ನಡುವೆ ಎರಡು ಬೆರಳಗಲ ಮಾತ್ರ ಬಿಳಿ ಹತ್ತಿದೆ. ಹೆಡ್ ಕೆಲಸ ಕೈಬಿಟ್ಟೆ, ಶೂ ನಾಳೆ ಗ್ರೈಂಡಿಂಗಿಗೆ.