ಅಮೆರಿಕದ ಅಪೀಲು ಕೋರ್ಟಿನ ಜಡ್ಜ್ ಆಗೋದು ಹೇಗೆ? ವಕೀಲರನ್ನು ಕೇಳಿ

ಪ್ರಶ್ನೆ (ಟೆಕ್ಸಸ್‌ನಿಂದ ಒಬ್ಬ ತಂದೆ): ನಮಸ್ಕಾರ ಮೇಡಂ. ಮಗಳು ಹೈಸ್ಕೂಲಿನಲ್ಲಿದ್ದಾಳೆ, ಡಿಬೇಟ್ ಹುಚ್ಚು. ದೊಡ್ಡವಳಾದ ಮೇಲೆ ಫೆಡರಲ್ (ಅಂದ್ರೆ ಕೇಂದ್ರದ) ಅಪೀಲು ಕೋರ್ಟಿನ ಜಡ್ಜ್ ಆಗ್ತೀನಿ ಅಂತಾಳೆ. ನಮ್ಮೂರಲ್ಲಿ ಸಿವಿಲ್ ಜಡ್ಜ್ ಪರೀಕ್ಷೆ ಇದೆ. ಇಲ್ಲಿ ಯಾವ ಪರೀಕ್ಷೆ ಬರೆಯಬೇಕು?

ಉತ್ತರ: ನಮಸ್ಕಾರ ಸರ್. ಪರೀಕ್ಷೆಯೇ ಇಲ್ಲ! ಭಾರತದಲ್ಲಿ ಹೈಕೋರ್ಟ್ ಜಡ್ಜ್ ಆಗಲು ಹತ್ತು ವರ್ಷ ವಕೀಲಿಕೆಯನ್ನೋ ಜಡ್ಜ್ ಕೆಲಸವನ್ನೋ ಮಾಡಿರಬೇಕು. ಅಮೆರಿಕದ ಸಂವಿಧಾನದಲ್ಲಿ ಅಂಥದ್ದೂ ಇಲ್ಲ. ವಯಸ್ಸು ಹೇಳಿಲ್ಲ, ಕಾನೂನು ಓದಿರಬೇಕು ಅಂತ ಕೂಡ ಬರೆದಿಲ್ಲ. ಅಧ್ಯಕ್ಷರು ಹೆಸರು ಕಳಿಸುತ್ತಾರೆ, ಸೆನೆಟ್ ಮತ ಹಾಕುತ್ತದೆ, ಅಷ್ಟೇ.

ಅಷ್ಟೇ ಅಂದೆ, ಆದರೆ ಕಷ್ಟ ಇರೋದೇ ಅಲ್ಲಿ. ಇಡೀ ದೇಶಕ್ಕೆ ಇಂಥ ಸೀಟು 179. ಒಬ್ಬರು ಬಿಟ್ಟರೆ ತಾನೇ ಇನ್ನೊಬ್ಬರಿಗೆ ಜಾಗ? ಅದೂ ನಿಮ್ಮ ಭಾಗದಲ್ಲಿ, ನಿಮ್ಮನ್ನು ಮೆಚ್ಚುವ ಪಕ್ಷದ ಅಧ್ಯಕ್ಷರು ಇರುವಾಗಲೇ ಖಾಲಿಯಾಗಬೇಕು. ಎಷ್ಟು ಬುದ್ಧಿ ಇದ್ದರೂ ಆ ಗಳಿಗೆ ಕೂಡಿ ಬರದಿದ್ದರೆ ಇಲ್ಲ. ಹೆಸರು ಹೋದ ಮೇಲೂ ಕಾಯಬೇಕು. ಮುಂದೆ ಸುಪ್ರೀಂ ಕೋರ್ಟ್ ಸೇರಿದ ಸೋನಿಯಾ ಸೊಟೊಮೇಯರ್ ಅವರ ಹೆಸರು ಅಪೀಲು ಕೋರ್ಟಿಗೆ ಹೋಗಿದ್ದು 1997ರ ಜೂನ್‌ನಲ್ಲಿ. ಮತ ಬಿದ್ದಿದ್ದು 1998ರ ಅಕ್ಟೋಬರ್‌ನಲ್ಲಿ.

ನಮ್ಮವರ ಉದಾಹರಣೆ ಬೇಕಾದರೆ ಶ್ರೀ ಶ್ರೀನಿವಾಸನ್ ಅವರನ್ನು ನೋಡಿ. ಹುಟ್ಟಿದ್ದು ಚಂಡೀಗಢದಲ್ಲಿ, ಬೆಳೆದಿದ್ದು ಕಾನ್ಸಸ್‌ನ ಲಾರೆನ್ಸ್ ಊರಿನಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನಿನ ಜೊತೆ ಎಂಬಿಎ ಕೂಡ ಮಾಡಿದರು. ಮೊದಲು ಒಬ್ಬ ಅಪೀಲು ಜಡ್ಜ್ ಹತ್ತಿರ, ಆಮೇಲೆ ಸುಪ್ರೀಂ ಕೋರ್ಟಿನ ಸಾಂಡ್ರಾ ಡೇ ಓಕಾನರ್ ಹತ್ತಿರ ಲಾ ಕ್ಲರ್ಕ್, ಅಂದರೆ ಜಡ್ಜ್‌ಗೆ ಓದು ಬರಹದಲ್ಲಿ ನೆರವಾಗುವ ಕಾನೂನು ಸಹಾಯಕ. ನಂತರ ಖಾಸಗಿ ಸಂಸ್ಥೆಯಲ್ಲೂ ಸರ್ಕಾರದ ಪರವಾಗಿಯೂ ವಾದ. 2013ರ ಮೇ 23ರಂದು ಸೆನೆಟ್ 97-0 ಮತದಿಂದ ಒಪ್ಪಿತು. ದಕ್ಷಿಣ ಏಷ್ಯಾ ಮೂಲದಿಂದ ಈ ಕೋರ್ಟುಗಳಿಗೆ ಬಂದ ಮೊದಲಿಗರು. 2020ರಲ್ಲಿ ವಾಷಿಂಗ್ಟನ್ ಡಿ.ಸಿ. ಅಪೀಲು ಕೋರ್ಟಿನ ಮುಖ್ಯ ಜಡ್ಜ್ ಆದರು. ಗಮನಿಸಿ, 2013ಕ್ಕೆ ಮೊದಲು ಒಂದು ದಿನವೂ ಜಡ್ಜ್ ಆಗಿರಲಿಲ್ಲ.

ಪ್ರಶ್ನೆ (ಮೈಸೂರಿನ ಕಾನೂನು ವಿದ್ಯಾರ್ಥಿನಿ): ಅಕ್ಕ, ನೀವೂ ಲಾ ಕ್ಲರ್ಕ್ ಆಗಿದ್ರಿ ಅಲ್ವಾ? ಜಡ್ಜ್ ದಿನವಿಡೀ ಏನು ಮಾಡ್ತಾರೆ? ನಮ್ಮ ಹೈಕೋರ್ಟ್ ತರಾನೇನಾ?

ಉತ್ತರ: ಒಂದು ವರ್ಷ ಆಗಿದ್ದೆ ಮರಿ. ನಮ್ಮ ಹೈಕೋರ್ಟಿನ ಗಲಾಟೆ ಇಲ್ಲಿ ಇಲ್ಲವೇ ಇಲ್ಲ. ಕಾರಿಡಾರ್ ತುಂಬ ಕಕ್ಷಿದಾರರು, ಬೆಳಿಗ್ಗೆಯಿಂದ ಸಂಜೆವರೆಗೆ ಕೇಸು ಕೂಗೋದು, ಅದೆಲ್ಲ ಕಾಣೋದಿಲ್ಲ. ಸಾಕ್ಷಿ ಇಲ್ಲ, ಜ್ಯೂರಿ ಇಲ್ಲ. ಹೆಚ್ಚಿನ ಕೇಸು ಕೆಳಗಿನ ಡಿಸ್ಟ್ರಿಕ್ಟ್ ಕೋರ್ಟಿನಿಂದ ಬಂದವು. ಅಲ್ಲಿ ದಾಖಲಾದದ್ದನ್ನು ಓದಿ, ಕಾನೂನು ತಪ್ಪಿದೆಯಾ ಅಂತ ನೋಡುವುದು. ಒಟ್ಟು 13 ಅಪೀಲು ಕೋರ್ಟುಗಳು. ಸಾಮಾನ್ಯವಾಗಿ ಮೂವರು ಜಡ್ಜ್‌ಗಳು ಕೂರುತ್ತಾರೆ, ಇಬ್ಬರು ಒಪ್ಪಿದರೆ ತೀರ್ಪು.

ಕೆಲಸದ ಮುಕ್ಕಾಲು ಪಾಲು ಓದು. ಪ್ರತಿ ಕೇಸಿಗೂ ವಾದಪುಸ್ತಕಗಳು ಬರುತ್ತವೆ. ಅಪೀಲು ಹಾಕಿದವರದ್ದಕ್ಕೆ ನೀಲಿ ಹೊದಿಕೆ, ಎದುರಿನವರದ್ದಕ್ಕೆ ಕೆಂಪು, ಅದಕ್ಕೆ ಮರು ಉತ್ತರಕ್ಕೆ ಬೂದು. ಹೊರಗಿನವರು ಯಾರಾದರೂ ಅಭಿಪ್ರಾಯ ಕೊಟ್ಟರೆ ಹಸಿರು. ನಮ್ಮ ಚೇಂಬರಿನಲ್ಲಿ 'ಕೆಂಪು ಓದಿದ್ಯಾ?' ಅಂದರೆ ಸಾಕು, ಅರ್ಥವಾಗುತ್ತಿತ್ತು. ನೀಲಿ, ಕೆಂಪು ಒಂದೊಂದರಲ್ಲೂ 13,000 ಪದದವರೆಗೆ ಬರೆಯಬಹುದು. ಹಾಗಾಗಿ ಒಂದು ವಾರದ ಕೇಸುಗಳನ್ನು ಪೇರಿಸಿದರೆ ಮೇಜಿನ ಆಚೆ ಕೂತವರ ಮುಖ ಕಾಣುತ್ತಿರಲಿಲ್ಲ. ನಾವು ನಾಲ್ಕು ಜನ ಕ್ಲರ್ಕ್‌ಗಳು ಹಂಚಿಕೊಂಡು ಓದಿ, ಪ್ರತಿಯೊಂದಕ್ಕೂ ಟಿಪ್ಪಣಿ ಮಾಡಿಕೊಡಬೇಕು. ಎಷ್ಟೋ ಕೇಸು ವಾದ ಕೇಳದೆ ಬರಹದ ಮೇಲೆಯೇ ಮುಗಿಯುತ್ತವೆ. ವಾದಕ್ಕೆ ಇಟ್ಟರೂ ಒಬ್ಬ ವಕೀಲರಿಗೆ ಸಿಗೋದು ಹತ್ತು ಹದಿನೈದು ನಿಮಿಷ. ಎರಡನೇ ವಾಕ್ಯಕ್ಕೇ ಜಡ್ಜ್ ತಡೆದು ಪ್ರಶ್ನೆ ಕೇಳ್ತಾರೆ.

ಒಂದು ಘಟನೆ ಹೇಳ್ತೀನಿ, ಕೇಸು ಯಾವುದು ಅಂತ ಮಾತ್ರ ಹೇಳುವಂತಿಲ್ಲ. ಮೂವರೂ ಒಂದೇ ಕಡೆ ಮತ ಹೇಳಿ ಎದ್ದಿದ್ದರು. ಬರೆಯುವ ಪಾಳಿ ನಮ್ಮ ಜಡ್ಜ್‌ಗೆ ಬಂತು. ಕರಡು ನನಗೆ ಕೊಟ್ಟರು. ಹತ್ತು ದಿನ ಒದ್ದಾಡಿದೆ. ಮೊದಲ ಭಾಗ ಸಲೀಸು, ಆದರೆ ಎರಡನೇ ಭಾಗದಲ್ಲಿ ಒಂದು ಹಳೆ ತೀರ್ಪು ಅಡ್ಡ ನಿಂತಿತ್ತು. ಎಷ್ಟು ಸುತ್ತು ಹಾಕಿದರೂ ದಾಟಲಾಗಲಿಲ್ಲ. ನನ್ನ ಕೈಲಾಗದ ಕೆಲಸ ಅಂದುಕೊಂಡು ಹೆದರಿಕೊಂಡೇ ಹೇಳಿದೆ. ಅವರು ಕರಡು ತೆಗೆದುಕೊಂಡು ತಾವೇ ಎರಡು ದಿನ ಕೂತರು. ಮೂರನೇ ದಿನ ಬಾಗಿಲಲ್ಲಿ ನಿಂತು 'ಇದು ಬರೆಸಿಕೊಳ್ಳುತ್ತಿಲ್ಲ' ಅಂದರು. ಇನ್ನಿಬ್ಬರಿಗೂ ಪತ್ರ ಬರೆದು ತಮ್ಮ ಮತವನ್ನೇ ಬದಲಿಸಿದರು. ಅವರಲ್ಲಿ ಒಬ್ಬರು ಒಪ್ಪಿದರು. ಸೋತಿದ್ದವರು ಗೆದ್ದರು! ಬರೆಯಲು ಕೂತಾಗ ತೀರ್ಪು ತಿರುಗಿಬೀಳೋದು ಅಪರೂಪ, ಆದರೆ 'ಬರೆಸಿಕೊಳ್ಳುತ್ತಿಲ್ಲ' ಅನ್ನೋ ಈ ಮಾತು ಅಪೀಲು ಜಡ್ಜ್‌ಗಳಲ್ಲಿ ಎಲ್ಲರಿಗೂ ಗೊತ್ತು. ಮಗಳಿಗೆ ಡಿಬೇಟ್ ಇಷ್ಟ ಅಂದ್ರಲ್ಲ ಸರ್, ಬರವಣಿಗೆಯೂ ಇಷ್ಟವಾ ಅಂತ ಕೇಳಿ ನೋಡಿ.

ಪ್ರಶ್ನೆ (ಬೆಂಗಳೂರಿನಿಂದ): ಸಂಬಳ ಎಷ್ಟು ಮೇಡಂ? ಸುಮ್ನೆ ಕುತೂಹಲ.

ಉತ್ತರ: ಕುತೂಹಲ ಎಲ್ಲರಿಗೂ ಇರುತ್ತೆ ಬಿಡಿ. 2024ರಲ್ಲಿ ವರ್ಷಕ್ಕೆ 2,57,900 ಡಾಲರ್. ಅದೇ ವರ್ಷ ನ್ಯೂಯಾರ್ಕಿನ ದೊಡ್ಡ ಕಾನೂನು ಸಂಸ್ಥೆಗಳಲ್ಲಿ ಆಗ ತಾನೇ ಪಾಸಾದ ಹುಡುಗ ಹುಡುಗಿಯರಿಗೆ 2,25,000. ಅಲ್ಲೇ ಪಾಲುದಾರರಾಗಿದ್ದವರು ಜಡ್ಜ್ ಆದರೆ ಆದಾಯ ಧಡಕ್ಕನೆ ಇಳಿಯುತ್ತದೆ. ಆದರೂ ಬರುತ್ತಾರೆ. ಕೆಲಸ ಜೀವನಪರ್ಯಂತ, ಸಂಬಳ ಯಾರೂ ಇಳಿಸುವಂತಿಲ್ಲ, ಅಧ್ಯಕ್ಷರಿಗೂ ಅಂಜಬೇಕಾಗಿಲ್ಲ. ತೆಗೆಯಬೇಕೆಂದರೆ ಮಹಾಭಿಯೋಗವೇ ಆಗಬೇಕು. ಇಷ್ಟು ಕಾಲದಲ್ಲಿ ಹಾಗೆ ಕೆಲಸ ಕಳೆದುಕೊಂಡ ಫೆಡರಲ್ ಜಡ್ಜ್‌ಗಳು, ಎಲ್ಲ ಹಂತ ಸೇರಿ, ಎಂಟೇ ಜನ.

ಪ್ರಶ್ನೆ (ಅದೇ ತಂದೆ): ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟಾ?

ಉತ್ತರ: 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿದ್ದ ಒಂಬತ್ತು ಜನರಲ್ಲಿ ಎಲೀನಾ ಕೇಗನ್ ಬಿಟ್ಟು ಉಳಿದ ಎಂಟೂ ಜನ ಅಪೀಲು ಕೋರ್ಟಿನಿಂದಲೇ ಹೋದವರು. ಹಾಗಂತ ಅದನ್ನು ಮೆಟ್ಟಿಲು ಅನ್ನಬೇಡಿ. ಲರ್ನೆಡ್ ಹ್ಯಾಂಡ್ ಎಂಬ ಜಡ್ಜ್ 1924ರಿಂದ ನ್ಯೂಯಾರ್ಕಿನ ಅಪೀಲು ಕೋರ್ಟಿನಲ್ಲಿದ್ದರು. ಅವರ ತೀರ್ಪುಗಳನ್ನು ಇವತ್ತಿಗೂ ಲಾ ಸ್ಕೂಲಿನಲ್ಲಿ ಓದಿಸುತ್ತಾರೆ, ಸುಪ್ರೀಂ ಕೋರ್ಟ್ ಮಾತ್ರ ಸಿಗಲಿಲ್ಲ. ಅಪೀಲು ಜಡ್ಜ್ ಆಗಿದ್ದ ಮೆರಿಕ್ ಗಾರ್ಲಂಡ್ ಹೆಸರನ್ನು 2016ರಲ್ಲಿ ಅಧ್ಯಕ್ಷರು ಸುಪ್ರೀಂ ಕೋರ್ಟಿಗೆ ಕಳಿಸಿದರು, ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಇನ್ನೊಂದು ವಿಷಯ, ಸುಪ್ರೀಂ ಕೋರ್ಟ್ ವರ್ಷಕ್ಕೆ ಸುಮಾರು ಅರವತ್ತು ಎಪ್ಪತ್ತು ಕೇಸು ಮಾತ್ರ ಪೂರ್ತಿ ಕೇಳುತ್ತದೆ. ಅಪೀಲು ಕೋರ್ಟುಗಳಿಗೆ ಬರೋದು ಹತ್ತಿರ ಹತ್ತಿರ ನಲವತ್ತು ಸಾವಿರ. ಜನರ ಪಾಲಿಗೆ ಕೊನೆ ಮಾತು ಇಲ್ಲಿಯದೇ.

ಪ್ರಶ್ನೆ (ಮೈಸೂರಿನ ವಿದ್ಯಾರ್ಥಿನಿ): ನಮ್ಮಲ್ಲಿ ಹೈಕೋರ್ಟ್ ಜಡ್ಜ್‌ಗೆ 62ಕ್ಕೆ ನಿವೃತ್ತಿ. ಜೀವನಪರ್ಯಂತ ಅಂದ್ರೆ ನಿಜವಾಗ್ಲೂ ಕೊನೆತನಕಾನಾ ಅಕ್ಕ?

ಉತ್ತರ: ಕೆಲವರು ಹಾಗೇ. ಆದರೆ ಒಂದು ಮಧ್ಯದ ದಾರಿ ಇದೆ. 65 ತುಂಬಿರಬೇಕು, ವಯಸ್ಸು ಮತ್ತು ಸೇವೆ ಕೂಡಿದರೆ 80 ಆಗಬೇಕು, ಸೇವೆ ಹತ್ತು ವರ್ಷಕ್ಕೆ ಕಮ್ಮಿ ಇರಬಾರದು. ಆಗ 'ಸೀನಿಯರ್' ಜಡ್ಜ್ ಆಗಬಹುದು. ಸಂಬಳ ಬರುತ್ತೆ, ಕೇಸು ಕಡಿಮೆ ಮಾಡಿಕೊಳ್ಳಬಹುದು, ಅವರ ಸೀಟು ಹೊಸಬರಿಗೆ ಖಾಲಿಯಾಗುತ್ತದೆ. ನಮ್ಮ ಜಡ್ಜ್ ಹಾಗೆ ಸೀನಿಯರ್ ಆದವರು. ಕೇಸು ಕಡಿಮೆ ಮಾಡಿಕೊಂಡಿದ್ದಾರೆ ಅಂತ ಹೇಳಿಕೊಳ್ತಾರೆ. ಹೋದ ತಿಂಗಳು ನೋಡಲು ಹೋಗಿದ್ದೆ, ಕುರ್ಚಿ ಮೇಲಿದ್ದ ನೀಲಿ, ಕೆಂಪು ಪುಸ್ತಕ ನೆಲಕ್ಕಿಳಿಸಿ ನನಗೆ ಕೂರಲು ಜಾಗ ಮಾಡಬೇಕಾಯಿತು.