ಎರಡು ವಾಯಿದೆ ತಪ್ಪಿ ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್) ಆಗಿದೆ, ಸಾಗರ ಕೋರ್ಟು

ತೋಟದ_ಬೇಲಿ:
ಚಿಕ್ಕಪ್ಪನ ಮಗನ ಮೇಲೆ 2024ರ ಫೆಬ್ರವರಿಯಲ್ಲಿ ಬೇಲಿ ಜಗಳದ ಕೇಸ್ ಆಯ್ತು. ಐಪಿಸಿ 323 (ಹೊಡೆತ), 324 (ಆಯುಧದ ಗಾಯ), 504 (ಬೈಗುಳ), 506 (ಬೆದರಿಕೆ). ಮೇ ತಿಂಗಳಲ್ಲಿ ಚಾರ್ಜ್‌ಶೀಟ್ ಬಂತು, ಕೋರ್ಟಲ್ಲಿ ಜಾಮೀನೂ ಆಯ್ತು. ಈ ಮಳೆಗಾಲದಲ್ಲಿ ಎರಡು ವಾಯಿದೆಗೆ ಹೋಗಿಲ್ಲ, ವಕೀಲರಿಗೂ ತಿಳಿಸಿಲ್ಲ. ಈಗ ಎನ್‌ಬಿಡಬ್ಲ್ಯೂ. ಎಲ್ಲ ಬೇಲಬಲ್ (ಜಾಮೀನು ಸಿಗುವ) ಸೆಕ್ಷನ್ನೇ, ಆರು ತಿಂಗಳು ಕಳೆದ್ರೆ ವಾರಂಟ್ ತಾನಾಗೇ ಬಿದ್ದುಹೋಗುತ್ತೆ ಅಂತಾರೆ ಊರಲ್ಲಿ. ಎದುರು ಪಾರ್ಟಿ ರಾಜಿಗೂ ಒಪ್ಪಿದೆ. ಏನು ಮಾಡ್ಬೇಕು?

ಕರಿಕೋಟು:
ಬಿದ್ದುಹೋಗಲ್ಲ ಮಾರಾಯ್ರೆ. ಕೋರ್ಟು ರದ್ದು ಮಾಡುವ ತನಕ ಅಥವಾ ಜಾರಿಯಾಗುವ ತನಕ ವಾರಂಟ್ ಜೀವಂತ, ಸಿಆರ್‌ಪಿಸಿ (ಹಳೇ ದಂಡ ಪ್ರಕ್ರಿಯಾ ಸಂಹಿತೆ) 70(2). ಅದರ ಜಾಗಕ್ಕೆ ಹೊಸ ಕಾನೂನು ಬಿಎನ್‌ಎಸ್‌ಎಸ್ ಬಂದದ್ದು 2024ರ ಜುಲೈ 1ಕ್ಕೆ. ನಿಮ್ಮ ಕೇಸ್ ಅದಕ್ಕೂ ಮೊದಲೇ ಕೋರ್ಟಲ್ಲಿತ್ತು, ಹಾಗಾಗಿ ಹಳೇ ಸಿಆರ್‌ಪಿಸಿಯೇ ನಡೆಯುತ್ತೆ. ಅರ್ಜಿಯಲ್ಲಿ ಬಿಎನ್‌ಎಸ್‌ಎಸ್ ಸೆಕ್ಷನ್ ಹಾಕಿಸಬೇಡಿ.

ಬೇಲಬಲ್ ಅನ್ನೋ ಧೈರ್ಯವೂ ಬೇಡ. ಮುಚ್ಚಳಿಕೆ ಬರೆದುಕೊಟ್ಟು ಹಾಜರಾಗದವನಿಗೆ ಬೇಲಬಲ್ ಕೇಸಲ್ಲೂ ಜಾಮೀನು ನಿರಾಕರಿಸಬಹುದು, 436(2). ಜನ ಎಡವೋದೇ ಇಲ್ಲಿ.

ಪೊಲೀಸರು ಕರ್ಕೊಂಡು ಹೋಗೋ ಮೊದಲು ಅವನೇ ವಕೀಲರ ಜೊತೆ ಹಾಜರಾಗಲಿ. ವಾರಂಟ್ ರೀಕಾಲ್ (ವಾಪಸ್ ಪಡೆಯುವ) ಅರ್ಜಿ, ಜೊತೆಗೆ ತಪ್ಪಿದ ಎರಡೂ ದಿನಕ್ಕೆ ಬೇರೆಬೇರೆ ಕಾರಣ, ದಾಖಲೆ. "ಮಳೆ ಜೋರಿತ್ತು" ಅಂದ್ರೆ ಸಾಲದು. ಆಸ್ಪತ್ರೆ ಚೀಟಿಯಾದರೆ ಅದರ ಮೇಲಿನ ತಾರೀಕು ವಾಯಿದೆಯ ತಾರೀಕಿಗೆ ಕೂಡಿ ಬರಬೇಕು. ಬೆಳಗ್ಗೆ ಕೇಸ್ ಕೂಗುವ ಮೊದಲೇ ಕೋರ್ಟ್ ಹಾಲಲ್ಲಿರಲಿ. ಶುಕ್ರವಾರದ ಸಂಜೆ ಸಿಕ್ಕಿಬಿದ್ದರೆ ರಜೆಯಲ್ಲಿ ಮ್ಯಾಜಿಸ್ಟ್ರೇಟರ ಮನೆಗೆ ಹಾಜರುಪಡಿಸ್ತಾರೆ, ಆಗ ವಕೀಲರೂ ಇರಲ್ಲ, ಜಾಮೀನುದಾರರೂ ಇರಲ್ಲ.

ಪಹಣಿ_ಪುಟ:
ಜಾಮೀನುದಾರರನ್ನ ಮರೀಬೇಡಿ. ಹಳೇ ಬಾಂಡ್ ಮುಟ್ಟುಗೋಲಾದರೆ 446ರಡಿ ದಂಡ ಯಾಕೆ ಹಾಕಬಾರದು ಅಂತ ಅವರ ಮನೆಗೂ ನೋಟಿಸ್ ಹೋಗುತ್ತೆ. ದಂಡ ಕಡಿಮೆ ಮಾಡುವ ಅಧಿಕಾರ ಕೋರ್ಟಿಗಿದೆ, ಕೇಳಿಕೊಳ್ಳಬೇಕು ಅಷ್ಟೆ. ಹೊಸ ಜಾಮೀನು ಕೇಳಿದರೆ ಅಂತ ಒಬ್ಬರನ್ನ ಜೊತೆಗೇ ಕರ್ಕೊಂಡು ಹೋಗಿ: ಈ ಸಾಲಿನ ಪಹಣಿ, ಅಸಲು ಆಧಾರ್, ಫೋಟೋ. ಪಹಣಿಯಲ್ಲಿ "ತಿಮ್ಮಪ್ಪ ಬಿನ್ ಮಂಜಪ್ಪ", ಆಧಾರಲ್ಲಿ "ತಿಮ್ಮಪ್ಪ ಎಂ." ಅಂತಿದ್ದರೆ ಒಬ್ಬರೇ ಅನ್ನೋ ಅಫಿಡವಿಟ್ ಮೊದಲೇ ಮಾಡಿಸಿ. ಅಣ್ಣತಮ್ಮಂದಿರ ಜಂಟಿ ಖಾತೆಯ ಪಹಣಿಗೂ ತಕರಾರು ಬರುತ್ತೆ. ಅಜ್ಜನ ಹೆಸರಲ್ಲೇ ಇರುವ ಪಹಣಿ ಅಂತೂ ಬೇಡವೇ ಬೇಡ.

ತೋಟದ_ಬೇಲಿ:
ರಾಜಿ ವಿಷಯ?

ಕರಿಕೋಟು:
ರಾಜಿ ಮಾತಿದೆ ಅಂತ ವಾರಂಟ್ ನಿಲ್ಲಲ್ಲ, ಅದು ಮೊದಲು ರೀಕಾಲ್ ಆಗಲಿ. 323, 504 ಮತ್ತು ಬರೀ ಬೆದರಿಕೆಯ 506 ರಾಜಿಯಾಗುತ್ತವೆ. ಪೆಟ್ಟು ತಿಂದವರು, ಬೈಸಿಕೊಂಡವರು ಖುದ್ದು ಬಂದು ಸಹಿ ಹಾಕಬೇಕು. ತೊಡಕಿರೋದು 324ರಲ್ಲಿ, ಕತ್ತಿ ದೊಣ್ಣೆಯ ಗಾಯದ ಸೆಕ್ಷನ್ ಅದು. ರಾಜಿಯಾಗುವ ಸೆಕ್ಷನ್ನುಗಳ ಸಿಆರ್‌ಪಿಸಿ 320ರ ಪಟ್ಟಿಯಲ್ಲಿ ಈಗ ಅದಿಲ್ಲ. ಊರ ಹಿರಿಯರ ಮುಂದೆ ಕಾಗದ ಆದರೂ ಕೆಳಕೋರ್ಟಲ್ಲಿ ಆ ಭಾಗ ಉಳಿಯುತ್ತೆ. ಅದನ್ನ ರದ್ದು ಮಾಡಿಸೋಕೆ ಹೈಕೋರ್ಟಿಗೇ ಹೋಗ್ಬೇಕು. ಶಿವಮೊಗ್ಗ ಜಿಲ್ಲೆಯವರಿಗೆ ಅದು ಬೆಂಗಳೂರು ಪೀಠ, ಧಾರವಾಡ ಅಲ್ಲ.

ಪಹಣಿ_ಪುಟ:
ಇನ್ಮುಂದೆ ಬರಲಾಗದ ದಿನ ಆ ಬೆಳಗ್ಗೆಯೇ ವಕೀಲರಿಗೆ ಫೋನ್ ಮಾಡಲಿ. 317ರ ವಿನಾಯಿತಿ ಅರ್ಜಿ ಕೇಸ್ ಕೂಗಿದಾಗಲೇ ಕೊಡಬೇಕು. ಮಧ್ಯಾಹ್ನ ಕೊಟ್ಟರೆ ಅಷ್ಟರಲ್ಲಿ ವಾರಂಟ್ ಆರ್ಡರ್ ಆಗಿರುತ್ತೆ. ಮುಂದಿನ ವಾಯಿದೆಯನ್ನ ಇ-ಕೋರ್ಟ್ಸ್ ಆ್ಯಪಲ್ಲಿ ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರ್ (ಕೇಸಿನ ಗುರುತಿನ ನಂಬರ್) ಹಾಕಿ ಅವನೇ ನೋಡ್ಕೊಳ್ಳಬಹುದು.