ಸಹಾಯ ಬೇಕು: ತಾಳಮದ್ದಳೆ ಕ್ಯಾಸೆಟ್‌ಗಳಿಗಾಗಿ ಡೆಕ್ ರಿಪೇರಿ

ಕಾಸರಗೋಡು, ಮಂಗಳೂರು ಕಡೆಯ ಬಲ್ಲವರು ದಯವಿಟ್ಟು ತಿಳಿಸಿ. ಹಳೆಯ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆಯುತ್ತಿದೆ. ಡೆಕ್‌ನ (ಕ್ಯಾಸೆಟ್ ಹಾಕಿ ಕೇಳುವ ಯಂತ್ರದ) ಲೈನ್ ಔಟ್‌ನಿಂದ ಯುಎಸ್‌ಬಿ ಸೌಂಡ್ ಕಾರ್ಡ್‌ಗೆ, ಅಡಾಸಿಟಿ ಎಂಬ ಧ್ವನಿಮುದ್ರಣ ಸಾಫ್ಟ್‌ವೇರಿನಲ್ಲಿ 44,100 ಹರ್ಟ್ಸ್, ವೇವ್ ಫೈಲ್. ಚೆಂಡೆಯ ಪೆಟ್ಟಿಗೆ ಸ್ವರ ಒಡೆಯದಂತೆ ಲೆವೆಲ್ ಮೈನಸ್ 6 ಡೆಸಿಬೆಲ್ ಒಳಗೇ ಇಟ್ಟಿದ್ದೇನೆ.

ತೊಂದರೆ ಏನೆಂದರೆ, ಭಾಗವತರು ಸ್ವರ ಎಳೆದು ನಿಲ್ಲಿಸುವಲ್ಲಿ ಶ್ರುತಿ ಅಲುಗುತ್ತದೆ. ಅರ್ಥ (ಮಾತಿನ ಭಾಗ) ಹೇಳುವಾಗ ಅಷ್ಟು ಗೊತ್ತಾಗುವುದಿಲ್ಲ, ಹಾರ್ಮೋನಿಯಂ ಶ್ರುತಿಯಲ್ಲಿ ಮಾತ್ರ ಸ್ಪಷ್ಟ. ಅದೇ ಕ್ಯಾಸೆಟ್ ಬೇರೆ ಡೆಕ್‌ನಲ್ಲಿ ಸರಿ ಉಂಟು, ಹಾಗಾಗಿ ಟೇಪಿನ ದೋಷ ಅಲ್ಲ. ಹೆಡ್, ಕ್ಯಾಪ್‌ಸ್ಟನ್ (ಟೇಪ್ ಎಳೆಯುವ ಕಡ್ಡಿ), ರಬ್ಬರ್ ರೋಲರ್ ಎಲ್ಲ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಆಯಿತು. ಬೆಲ್ಟ್ ಬಿಚ್ಚಿದರೆ ಮೋಟಾರ್ ಪುಲ್ಲಿಯ ಜಾಗದಲ್ಲಿ ಬಾಗು ಹಾಗೇ ಉಳಿದಿದೆ, ಬೆರಳಿಗೆ ಕಪ್ಪು ಅಂಟುತ್ತದೆ.

ಬೇಕಾದದ್ದು ಚಪ್ಪಟೆ ಬೆಲ್ಟ್, ಅಗಲ 4 ಮಿ.ಮೀ. ಹಳೆಯದನ್ನು ಎರಡು ಮಡಿಸಿ ಚಪ್ಪಟೆ ಹಿಡಿದರೆ ಉದ್ದ 120 ಮಿ.ಮೀ. ಅದು ಹಿಗ್ಗಿದ ಅಳತೆ, ಹೊಸದು ಶೇಕಡಾ 5ರಷ್ಟು ಗಿಡ್ಡ ಇರಬೇಕು. ಚೌಕ ಬೆಲ್ಟ್ ಆಗುವುದಿಲ್ಲ, ಫ್ಲೈವೀಲಿನಿಂದ (ಕ್ಯಾಪ್‌ಸ್ಟನ್ ತಿರುಗಿಸುವ ಭಾರದ ಚಕ್ರ) ಜಾರುತ್ತದೆ. ಬಿಗಿ ಹೆಚ್ಚಾದರೆ ಮೋಟಾರಿನ ಬುಶ್ ತೇಯುತ್ತದೆ. ಇಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಇನ್ನೊಂದು: ನಮ್ಮ ಮಳೆಗಾಲದ ತೇವಕ್ಕೆ ಕೆಲವು ಟೇಪುಗಳ ಅಂಚಿನಲ್ಲಿ ಬಿಳಿ ಬೂಸಲು ಬಂದಿದೆ. ಅವನ್ನು ಡೆಕ್‌ಗೆ ಹಾಕಿಲ್ಲ, ಹಾಕಿದರೆ ಬೂಸಲು ಹೆಡ್‌ಗೂ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಸ್ಕ್ರೂ ಇಲ್ಲದ, ಅಂಟಿಸಿದ ಚಿಪ್ಪಿನ (ಹೊರ ಪ್ಲಾಸ್ಟಿಕ್ ಕವಚದ) ಕ್ಯಾಸೆಟ್‌ಗಳನ್ನು ಟೇಪಿಗೆ ಪೆಟ್ಟಾಗದೆ ಬಿಡಿಸಿ, ಒರೆಸಿ, ಬೇರೆ ಚಿಪ್ಪಿಗೆ ಹಾಕಿಕೊಡುವವರು ಯಾರಾದರೂ ಇದ್ದಾರಾ? ಮರು ಮುದ್ರಣವಿಲ್ಲದ ಪ್ರಸಂಗಗಳು, ದಯವಿಟ್ಟು ಗೊತ್ತಿದ್ದವರು ಬರೆಯಿರಿ.